ದೊಡ್ಡಕ್ಕ ಮತ್ತು ಎರಡು ಅಡಿ ಬಾಗಿಲು

ಗೋಡೆ ವರ್ಷ ೯೬, ಹದಿಮೂರನೆಯ ತಿಂಗಳು, ಹುಣ್ಣಿಮೆ ಕಳೆದು ಮೂರನೆಯ ದಿನ
ನೇತ್ರಾಣಿ, ಗಾಜಿನ ಚಪ್ಪರದ ಒಳಗಿನಿಂದ

ಪ್ರೀತಿಯ ಪ್ರೇಮಲೀಲಾ ಅಮ್ಮಮ್ಮನವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಇಂಥ ತಿಂಗಳೂ ಇಲ್ಲ, ಇಂಥ ವರ್ಷವೂ ಇಲ್ಲ. ನಾವು ಹುಣ್ಣಿಮೆಯಿಂದ ಹುಣ್ಣಿಮೆಗೆ ತಿಂಗಳು ಎಣಿಸುವವರು. ಕೆಲವು ವರ್ಷ ಹದಿಮೂರು ಬಂದುಬಿಡುತ್ತದೆ. ನನ್ನ ಮಾತಿನಲ್ಲಿ ನಿಮಗೆ ಗುರುತಿಲ್ಲದ ಶಬ್ದಗಳು ಬಂದರೆ ಕ್ಷಮಿಸಿ, ಅವುಗಳ ಅರ್ಥವನ್ನು ದಾರಿಯಲ್ಲೇ ಹೇಳುತ್ತ ಹೋಗುತ್ತೇನೆ. ಅಮ್ಮನ ಕಡೆಯಿಂದ ಎಣಿಸಿದರೆ ನೀವು ನನಗೆ ಐದನೆಯ ತಲೆಯ ಅಜ್ಜಿ. ಈ ಕಾಗದ ತಲುಪುವ ಹೊತ್ತಿಗೆ ನಿಮಗೆ ಮೂವತ್ತೆರಡು ವರ್ಷ, ನನಗೆ ಅರವತ್ತೊಂದು. ವಯಸ್ಸಿನಲ್ಲಿ ನಾನೇ ಹಿರಿಯಳಾದ್ದರಿಂದ ನಿಮ್ಮನ್ನು ಸ್ವಲ್ಪ ಬೈಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಆದರೂ ಅಮ್ಮಮ್ಮ ಎಂದೇ ಕರೆಯುತ್ತೇನೆ, ಏಕೆಂದರೆ ನನ್ನ ಬದುಕೆಲ್ಲ ನಿಮ್ಮ ಕೈಬರಹದ ಕೆಳಗೇ ಕಳೆದಿದೆ.

ಉತ್ಪ್ರೇಕ್ಷೆಯಲ್ಲ. ನೀವೀಗ ದೋಣಿಯ ಮೇಲೆ ಒದ್ದೆ ಬಟ್ಟೆಯಲ್ಲೇ ಕೂತು, ಮುಳುಗಿ ನೋಡಿ ಬಂದದ್ದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಗೀಚಿಕೊಳ್ಳುತ್ತಿದ್ದೀರಿ. ಅದರಲ್ಲಿ ದೊಡ್ಡ ಮುರುಮೀನಿನ ಬಗ್ಗೆ ಒಂದು ಪುಟವಿದೆ. ನೀವು ಹೋಗಿ ಎಷ್ಟೋ ವರ್ಷಗಳ ಮೇಲೆ, ಹೊರಗಿನ ನೀರು ಬಿಸಿಯಾಗಿ ಹುಳಿಯಾಗಿ ಹವಳವೆಲ್ಲ ಬಿಳಿಚತೊಡಗಿದಾಗ, ನೇತ್ರಾಣಿ ದ್ವೀಪದ ಸುತ್ತ ಗೋಡೆ ಕಟ್ಟಿದರು, ಮೇಲೆ ಗಾಜಿನ ಚಪ್ಪರ ಹಾಕಿದರು. ಕಟ್ಟಿದವರು ಊರಿನ ಮೊಗೇರರು, ಖಾರ್ವಿಗಳು, ಭಟ್ಕಳದ ನವಾಯತರು. ಒಬ್ಬರೂ ಮುರುಮೀನನ್ನು ನೀರಿನೊಳಗೆ ಕಂಡವರಲ್ಲ, ಬುಟ್ಟಿಯಲ್ಲಿ ಕಂಡವರು. ಅವರಿಗೆ ಸಿಕ್ಕಿದ್ದು ನಿಮ್ಮ ಆ ಒಂದು ಪುಟ. ಅದನ್ನು ಅಕ್ಷರ ಬಿಡದೆ ಕಂಚಿನಲ್ಲಿ ಎರಕ ಹೊಯ್ದು ಒಳಬಾಗಿಲ ಮೇಲೆ ಕೂರಿಸಿದರು. ನಾವು ಅದನ್ನು ಫಲಕ ಎನ್ನುತ್ತೇವೆ. ನಾನು ಅಕ್ಷರ ಕಲಿತದ್ದೇ ಅದರ ಮೇಲೆ ಬೆರಳಾಡಿಸಿ.

ಫಲಕ ನನಗೆ ಬಾಯಿಪಾಠ. ದೊಡ್ಡ ಮುರುವಿನ ಬಾಲ ಬೀಸಣಿಗೆಯಂತೆ ಗುಂಡಗೆ. ಅಷ್ಟು ದೊಡ್ಡ ತಲೆಗೆ ಕಣ್ಣು ತೀರ ಚಿಕ್ಕದು. ಬೆನ್ನಿನ ಮೇಲೆ ಹನ್ನೊಂದು ಮುಳ್ಳು, ಅವುಗಳ ಹಿಂದೆ ಮೆತ್ತಗಿನ ರೆಕ್ಕೆ. ಮೈ ಬೂದು ಕಂದು, ಹಳೆ ಕಂಬಳಿಯ ಹಾಗೆ ಅಲ್ಲಲ್ಲಿ ಮಾಸಲು. ರೆಕ್ಕೆಗಳ ಮೇಲೆ ಮಾತ್ರ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಮೈಮೇಲೆ ದೊಡ್ಡ ದೊಡ್ಡ ಕಪ್ಪು ಮಚ್ಚೆಯಿದ್ದು, ಕಣ್ಣಿನಿಂದ ಸುತ್ತಲೂ ಗೆರೆ ಹೊರಟಿದ್ದರೆ ಅದು ಈ ಮುರು ಅಲ್ಲ, ಅದರ ದಾಯಾದಿ. ಮರಿಯಾಗಿದ್ದಾಗ ಹಳದಿ ಮೈಗೆ ಕಪ್ಪು ಪಟ್ಟೆ, ದೊಡ್ಡದಾದಂತೆ ಎರಡೂ ಅಳಿಸಿಹೋಗುತ್ತದೆ. ಏಡಿ, ಸಿಗಡಿ, ಚಿಕ್ಕ ತೊರಕೆ ಏನು ಸಿಕ್ಕರೂ ಹಲ್ಲಿನಿಂದ ಕಚ್ಚುವುದಿಲ್ಲ. ಬಾಯಿ ತೆರೆದರೆ ನೀರಿನ ಸಮೇತ ಒಳಗೆ. ಇಷ್ಟೂ ಸರಿ ಅಮ್ಮಮ್ಮ. ನಲವತ್ತು ವರ್ಷ ಮುರುವಿನ ಸಂಗಡ ಇದ್ದವಳು ಹೇಳುತ್ತಿದ್ದೇನೆ, ಇಷ್ಟರಲ್ಲಿ ನೀವು ಒಂದಕ್ಷರ ತಪ್ಪಿಲ್ಲ. ನಿಮ್ಮ ಕಣ್ಣು ಒಳ್ಳೆಯದು. ಆಮೇಲಿನ ಮೂರು ಸಾಲುಗಳೇ ನಮ್ಮನ್ನು ತಿಂದದ್ದು.

ಮೊದಲನೆಯದು: "ನಾನು ಕಂಡ ಅತಿ ದೊಡ್ಡದರ ಹೊಟ್ಟೆಯ ಎತ್ತರ ಒಂದೂವರೆ ಅಡಿ." ಎರಡನೆಯದು: "ಒಂಟಿಯಾಗಿರುತ್ತದೆ." ಮೂರನೆಯದು: "ಹಿಡಿದು ನೋಡಿದ ಏಳೂ ಹೆಣ್ಣು, ಗಂಡು ಇಲ್ಲಿ ಅಪರೂಪ."

ಓದಿದರೆ ಏನೂ ಕೇಡಿಲ್ಲದ ಸಾಲುಗಳು. ನೀವು ಕಂಡದ್ದನ್ನೇ ಬರೆದಿರಿ. ಆದರೆ ನೀವು ಕಂಡದ್ದು ಉಳಿದದ್ದನ್ನು, ಇದ್ದದ್ದನ್ನಲ್ಲ. ದೊಡ್ಡವೆಲ್ಲ ಅಷ್ಟರಲ್ಲಿ ಬುಟ್ಟಿ ಸೇರಿ ಹೋಟೆಲಿನ ಬಾಣಲೆಗೆ ಬಿದ್ದಿದ್ದವು. ಗೋಡೆ ಕಟ್ಟಿದವರಿಗೆ ಅದು ಗೊತ್ತಾಗಲಿಲ್ಲ. ಒಂದೂವರೆ ಅಡಿಗೆ ಅರ್ಧ ಅಡಿ ಧಾರಾಳ ಸೇರಿಸಿ, ಮುಂದೊಂದು ದಿನ ಮುರುವನ್ನು ಹೊರಗೆ ಬಿಡಲೆಂದು ಎರಡು ಅಡಿಯ ಒಂದು ದುಂಡು ಬಾಗಿಲನ್ನು ಗೋಡೆಯ ಬುಡದಲ್ಲಿ ಇಟ್ಟರು. ಕಬ್ಬಿಣದ ಬಳೆ, ಅದಕ್ಕೆ ಎರಡು ಬೆರಳಗಲದ ಕಣ್ಣುಗಳ, ಬೇಕಾದಾಗ ಬಿಚ್ಚಬಹುದಾದ ಜಾಲರಿ. ಇಡೀ ಗೋಡೆ ಆ ಬಳೆಯ ಮೇಲೆ ಕೂತಿದೆ. ಬಳೆ ಕೊಯ್ದರೆ ಗೋಡೆ ನಿಲ್ಲುವುದಿಲ್ಲ, ಗೋಡೆ ಬಿದ್ದರೆ ಒಂದು ಉಬ್ಬರಕ್ಕೆ ಹವಳ ಉಳಿಯುವುದಿಲ್ಲ.

ನಮ್ಮ ದಿನ ಹೇಗೆ ಹೋಗುತ್ತದೆ ಎಂದು ಹೇಳಬೇಕು. ಒಳಗೆ ನಾವು ಇನ್ನೂರ ಹನ್ನೆರಡು ಜನ. ಎಲ್ಲರಿಗೂ ತಂಪುಸರದಿ ಇದೆ. ಅಂದರೆ ಒಳಗಿನ ನೀರನ್ನು ತಣ್ಣಗಿಡುವ ಪಂಪುಗಳನ್ನು ಕಾಯುವ ಪಾಳಿ. ಬಾಣಂತಿಗೆ ನಲವತ್ತು ದಿನ ಬಿಡುವು, ಸತ್ತವರಿಗೆ ಪೂರ್ತಿ ಬಿಡುವು, ಉಳಿದವರಿಗೆ ಇಲ್ಲ ಎಂದು ನಮ್ಮಲ್ಲಿ ತಮಾಷೆ. ಬೆಳಿಗ್ಗೆ ಪಾಚಿಗಂಜಿ. ಅಕ್ಕಿ ವರ್ಷಕ್ಕೆ ಎರಡು ಸಲ ಬರುತ್ತದೆ. ಕರೆಯ ಜನ, ಅಂದರೆ ದಡದವರು, ದೋಣಿಯಲ್ಲಿ ತಂದು ಒಮ್ಮುಖ ಕಂಡಿಯೊಳಗೆ ಸುರಿದು ಹೋಗುತ್ತಾರೆ. ಅವರ ಮುಖ ನಮಗೆ ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ. ಒಂದು ಸಲ ಒಂದು ಕೈಯಲ್ಲಿ ಮೆಹಂದಿಯಿತ್ತು. ಆರು ತಿಂಗಳು ನಮ್ಮ ಹೆಂಗಸರಿಗೆ ಅದೇ ಮಾತು. ಬಾನು ತಿಳಿಯಾಗಿದ್ದರೆ ಚಪ್ಪರದ ಗಾಜಿನಾಚೆ ಮುರ್ಡೇಶ್ವರದ ಕರೆ ಒಂದು ಗೆರೆಯಾಗಿ ಕಾಣುತ್ತದೆ. ನಾನು ಹುಟ್ಟಿದ್ದು ಒಳಗೆ. ಇಲ್ಲಿರುವುದೆಲ್ಲ ಬಂಡೆ. ಅರವತ್ತೊಂದು ವರ್ಷದಲ್ಲಿ ನನ್ನ ಪಾದ ಒಮ್ಮೆಯೂ ಮರಳನ್ನು ತುಳಿದಿಲ್ಲ. ನನ್ನ ಜೀವದ ಆಸೆ ಏನೆಂದು ಯಾರಾದರೂ ಕೇಳಿದರೆ ಅದೇ: ಒದ್ದೆ ಮರಳಿನ ಮೇಲೆ ನಡೆದು, ತಿರುಗಿ, ನನ್ನ ಹೆಜ್ಜೆಗುರುತು ನೋಡಬೇಕು.

ಹೊರಡಬಾರದೆ ಎಂದರೆ ಆಣೆಯಿದೆ. ಮೊದಲ ವರ್ಷಗಳಲ್ಲಿ ಒಬ್ಬೊಬ್ಬರೇ ಮನೆಗೆಂದು ಹೋದವರು ತಿರುಗಿ ಬರಲಿಲ್ಲ. ಪಂಪು ಕಾಯುವವರಿಲ್ಲದೆ ಎರಡು ದಿನ ನಿಂತು ಅರ್ಧ ಹವಳ ಸತ್ತಿತು. ಆಗ ಉಳಿದವರು ದ್ವೀಪದ ದೈವ ಜಟಗನ ಕಲ್ಲಿನ ಮುಂದೆ ನಿಂತು, ಮುಸಲ್ಮಾನರು ತಮ್ಮ ದೇವರ ಹೆಸರಿನಲ್ಲಿ, ಆಣೆಯಿಟ್ಟರು. ಮುರುವಿನ ಗಂಡು ಹೆಣ್ಣು ಜೋಡಿ ಗುರುತಾದ ದಿನ ಅವುಗಳನ್ನು ತಳದ ತಣ್ಣೀರು ಮೇಲೆ ಬರುವ ಮಳೆಗಾಲದ ಕೊನೆಯಲ್ಲಿ ಹೊರಗೆ ಬಿಡುವುದು. ಮುರು ಹೊರಟ ದಿನ ನಾವೂ ಹೊರಡುವುದು. ಅಲ್ಲಿಯವರೆಗೆ ಒಬ್ಬರೂ ಇಲ್ಲ. ತೊಂಬತ್ತಾರು ವರ್ಷದಿಂದ ನಾವು ಒಂದು ಗಂಡು ಮೀನಿಗಾಗಿ ಕಾಯುತ್ತಿದ್ದೇವೆ. ವರನಿಗೆ ಇಷ್ಟು ಕಾದ ಮನೆ ಭೂಮಿಯ ಮೇಲೆ ಇನ್ನೊಂದಿರಲಾರದು.

ಈಗ ಓಲೆಯ ಶಾಸ್ತ್ರ. ಮುರುವಿನ ಮರಿಗೆ ಮೂರು ವರ್ಷ ತುಂಬಿದಾಗ ಒಂದು ಸಲ, ಒಂದೇ ಸಲ, ಬಲೆಯಲ್ಲಿ ಹಿಡಿದು ಸಣ್ಣ ನಳಿಗೆಯಿಂದ ಗಂಡೋ ಹೆಣ್ಣೋ ನೋಡುತ್ತೇವೆ. ಹೆಣ್ಣಾದರೆ ಕಿವಿರಿನ ಮುಚ್ಚಳದ ಅಂಚಿಗೆ ಹಸಿರು ಗಾಜಿನ ಓಲೆ, ಗಂಡಾದರೆ ತಾಮ್ರದ ಕಡಕು. ಆ ದಿನ ಬೆಲ್ಲದ ಪಾಯಸ. ಓಲೆ ಹಾಕಿದ ಮೇಲೆ ಆ ಮೀನನ್ನು ಸಾಯುವವರೆಗೆ ಮುಟ್ಟುವಂತಿಲ್ಲ. ಇದಕ್ಕೂ ಕಾರಣವಿತ್ತು, ಹಿಂದೆ ಮತ್ತೆ ಮತ್ತೆ ಹಿಡಿದು ನೋಡಿ, ಮೈಯ ಲೋಳೆ ಹೋಗಿ, ಮೂರು ಮುರು ಸತ್ತಿದ್ದವು. ಕಾರಣ ಮರೆತುಹೋಯಿತು, ಶಾಸ್ತ್ರ ಉಳಿಯಿತು. ಜಾಲರಿಯ ಕಣ್ಣಿನಿಂದ ಮಳೆಗಾಲದಲ್ಲಿ ಅಪರೂಪಕ್ಕೆ ನುಸುಳಿ ಬರುತ್ತಿದ್ದ ಹಳದಿ ಮರಿಗಳೂ ಸೇರಿ ಇದುವರೆಗೆ ಹನ್ನೊಂದು ಮುರುಗಳಿಗೆ ಓಲೆ ಹಾಕಿದ್ದೇವೆ. ಹನ್ನೊಂದೂ ಹೆಣ್ಣು. ತಾಮ್ರದ ಕಡಕುಗಳು ಒಂದು ಡಬ್ಬಿಯಲ್ಲಿ ನಲವತ್ತಿವೆ, ಕಿಲುಬು ಹಿಡಿದು ಒಂದಕ್ಕೊಂದು ಅಂಟಿಕೊಂಡಿವೆ.

ಈಗ ಉಳಿದಿರುವುದು ಎರಡು. ದೊಡ್ಡಕ್ಕನಿಗೆ ನಲವತ್ತನಾಲ್ಕು ವರ್ಷ; ಅವಳಿಗೆ ಓಲೆ ಹಾಕಿದ ದಿನ ಬಲೆಯ ಒಂದು ತುದಿ ಹಿಡಿದವಳು ಇಪ್ಪತ್ತರ ಪ್ರಾಯದ ನಾನು. ಚಿಕ್ಕಿಗೆ ಹತ್ತೊಂಬತ್ತು. ಚಿಕ್ಕಿಯ ನಂತರ ಹೊರಗಿನಿಂದ ಒಂದು ಮರಿಯೂ ಬಂದಿಲ್ಲ, ಹೊರಗೆ ಇನ್ನೂ ಮುರು ಇವೆಯೋ ಇಲ್ಲವೋ ತಿಳಿಯದು. ಫಲಕದಲ್ಲಿ ಒಂಟಿ ಎಂದು ಬರೆದಿರುವುದರಿಂದ ಇಬ್ಬರ ಗುಹೆಗಳ ನಡುವೆ ಬಲೆ ಕಟ್ಟಿದ್ದೇವೆ. ದೊಡ್ಡಕ್ಕ ಈಗ ಏಳೂವರೆ ಅಡಿ ಉದ್ದ, ಹೊಟ್ಟೆಯ ಬಳಿ ಹೆಚ್ಚು ಕಡಿಮೆ ಮೂರು ಅಡಿ ಎತ್ತರ. ತನ್ನ ಗುಹೆಯಲ್ಲಿ ಹಿಂದುಮುಂದಾಗಿ ತಿರುಗಲಿಕ್ಕೂ ಅವಳಿಗೆ ಎರಡು ಪ್ರಯತ್ನ ಬೇಕು. ಮೂತಿ ಹೊರಗೆ ಹಾಕಿ, ಬಾಯಿ ಅರ್ಧ ತೆರೆದು ನಿಲ್ಲುತ್ತಾಳೆ. ಬೆರಳುದ್ದದ ನೀಲಿ ಮೀನುಗಳು ಬಾಯೊಳಗೇ ಹೋಗಿ ಹಲ್ಲಿನ ಸಂದು ಚೊಕ್ಕ ಮಾಡಿ ಬರುತ್ತವೆ. ಬಾಯಿ ಮುಚ್ಚಿದರೆ ಮುಗಿಯಿತು, ಆದರೆ ಮುಚ್ಚುವುದಿಲ್ಲ. ನಾನು ಅವಳನ್ನು ಬಹಳ ಪ್ರೀತಿಸುತ್ತೇನೆ. ಕೆಲವೊಮ್ಮೆ ಅವಳು ಸತ್ತರೆ ಸಾಕು, ಆಣೆಯಾದರೂ ಮುಗಿಯುತ್ತದೆ ಎಂದೂ ಅನ್ನಿಸಿದ್ದುಂಟು. ಎರಡೂ ನಿಜ.

ನನಗಿಂತ ಮೊದಲು ಮುರುಕಾವಲಿದ್ದ ಈರಯ್ಯ ಮಾವ ದಿನಚರಿ ಬರೆಯುತ್ತಿದ್ದರು. ಅವರು ತೀರಿಕೊಂಡು ಹತ್ತು ವರ್ಷವಾದರೂ ನಾನು ಅದನ್ನು ಬಿಚ್ಚಿರಲಿಲ್ಲ. ಏಡಿ ಎಷ್ಟು ಹಾಕಿದೆ, ನೀರು ಎಷ್ಟು ಬೆಚ್ಚಗಿತ್ತು ಎಂಬುದು ಬಿಟ್ಟು ಇನ್ನೇನಿರುತ್ತದೆ ಎಂಬ ಅಸಡ್ಡೆ. ಈ ವರ್ಷ ಪಂಪಿನ ಕೋಣೆ ಸೋರಿ ಪುಸ್ತಕ ಒದ್ದೆಯಾಯಿತು, ಹಾಳೆ ಬಿಡಿಸಿ ಒಣಗಿಸುವಾಗ ಕಣ್ಣಿಗೆ ಬಿತ್ತು. ದೊಡ್ಡಕ್ಕನ ಹದಿನಾರನೆಯ ವರ್ಷದ ಒಂದು ಪುಟ: "ಇವತ್ತು ಸಂಜೆ ದೊಡ್ಡಕ್ಕ ಗುಡುಗಿದಳು. ಹೊಟ್ಟೆಯೊಳಗೆ ಡೋಲು ಬಡಿದ ಹಾಗೆ. ಮೈಬಣ್ಣ ಕಪ್ಪಾಗಿ ಮುಖ ಮಾತ್ರ ಬಿಳುಪು. ಬೇರೆ ಹೆಣ್ಣುಗಳ ಬಲೆಯ ಹತ್ತಿರ ನಡುಗುತ್ತ ನಿಂತಿದ್ದಳು. ಜ್ವರವಿರಬಹುದು." ಆಮೇಲೆ ಪ್ರತಿ ವರ್ಷ ಮಳೆಗಾಲದ ಕೊನೆಯ ಹುಣ್ಣಿಮೆಗೆ ಅದೇ ಬರಹ. ಹನ್ನೆರಡು ವರ್ಷ ಜ್ವರ ಎಂದು ಬರೆದಿದ್ದಾರೆ, ಪಾಪ. ನಾನೂ ಆ ಗುಡುಗನ್ನು ಕೇಳಿಕೊಂಡೇ ಬಂದವಳು, ಅದನ್ನು ಹಸಿವು ಎಂದುಕೊಂಡು ಎರಡು ಏಡಿ ಹೆಚ್ಚಿಗೆ ಹಾಕುತ್ತಿದ್ದೆ.

ಒದ್ದೆ ಹಾಳೆ ಕೈಯಲ್ಲಿ ಹಿಡಿದು ಅಲ್ಲೇ ಕೂತುಬಿಟ್ಟೆ. ನಾವು ನೋಡಿದ್ದು ಮೂರನೆಯ ವರ್ಷ ಮಾತ್ರ. ಮೂರರಲ್ಲಿ ಎಲ್ಲ ಮುರುವೂ ಹೆಣ್ಣೇ ಆಗಿದ್ದು, ಬೆಳೆದು ದೊಡ್ಡದಾದ ಮೇಲೆ ಅವುಗಳಲ್ಲೊಂದು ಗಂಡಾಗುವುದಾದರೆ? ಗಂಡು ಎಲ್ಲಿಂದಲೋ ಬರಬೇಕಾಗಿಲ್ಲದಿದ್ದರೆ? ಅಮ್ಮಮ್ಮ, ನೀವು ಹಿಡಿದು ನೋಡಿದ ಏಳೂ ಹೆಣ್ಣಾಗಿದ್ದದ್ದು ಗಂಡು ಅಪರೂಪವೆಂದಲ್ಲ. ಗಂಡಾಗುವಷ್ಟು ಬೆಳೆಯಲು ನಿಮ್ಮ ಕಾಲದ ಬಲೆಗಳು ಯಾವುದನ್ನೂ ಬಿಡಲಿಲ್ಲ.

ಗೋಡೆಯ ಯಜಮಾನಿಕೆ ಈಗ ಸಫೂರಾಳದು. ಅವಳೂ ನಾನೂ ಒಂದೇ ವರ್ಷ ಹುಟ್ಟಿದವರು, ಒಂದೇ ಫಲಕದ ಮೇಲೆ ಅಕ್ಷರ ತೀಡಿದವರು. ಅವಳಿಗೆ ಹೇಳಿದೆ. ಅವಳು ಹಣೆ ಹಣೆ ಬಡಿದುಕೊಂಡು, "ಎಂತದೆ ನಾಗವೇಣಿ, ನಿನ್ನ ತಲೆ ಸಮ ಉಂಟಾ? ಓಲೆ ಹಾಕಿದ ಹೆಣ್ಣು ಗಂಡಾಗೂದು ಅಂದ್ರೆ ನಾಳೆ ನಂಗೂ ಮೀಸೆ ಬರೂದಾ?" ಎಂದಳು. ಆಮೇಲೆ ನಗು ನಿಲ್ಲಿಸಿ, ಮುಟ್ಟುವುದು ಮಾತ್ರ ಬೇಡ, ಜನ ಒಪ್ಪುವುದಿಲ್ಲ ಎಂದಳು. ನಾನು ಒಪ್ಪಿದೆ ಎಂದು ತಲೆಯಾಡಿಸಿದೆ, ಮರುದಿನ ಬೆಳಿಗ್ಗೆ ನೀರಿಗಿಳಿದು ಮುಟ್ಟಿದೆ. ದೊಡ್ಡಕ್ಕ ಅಲುಗಲಿಲ್ಲ. ನಲವತ್ತೊಂದು ವರ್ಷದ ನಂತರ ಅದೇ ಮೈಯ ಮೇಲೆ ಅದೇ ಕೈ. ಹೊಟ್ಟೆಯ ಹಿಂಭಾಗವನ್ನು ಮೆಲ್ಲಗೆ ಒತ್ತಿದಾಗ ನೀರಿನಲ್ಲಿ ಹಾಲಿನ ಎಳೆಯಂಥದ್ದು ಹರಿಯಿತು. ನಾನು ನೀರಿನೊಳಗೇ ಅತ್ತೆ. ಮುಳುಗುಮುಖವಾಡದಲ್ಲಿ ಅಳುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತಿರಬಹುದು.

ಶೀಸೆಯಲ್ಲಿ ಹಿಡಿದು ತಂದದ್ದನ್ನು ಸಫೂರಾ ಬೂದುಗಾಜಿನಡಿ ನೋಡಿದಳು. ಬೂದುಗಾಜೆಂದರೆ ನಿಮ್ಮ ಸೂಕ್ಷ್ಮದರ್ಶಕ. ಗಂಡಿನ ಬೀಜವೇ ಹೌದು ಎಂದಳು. ಮಧ್ಯಾಹ್ನದ ಹೊತ್ತಿಗೆ ಇನ್ನೂರ ಹನ್ನೆರಡು ಜನಕ್ಕೂ ಗೊತ್ತಾಗಿತ್ತು. ಜನ ಹಾಡಿದರು, ಬಟ್ಟೆ ಗಂಟು ಕಟ್ಟಿದರು. ಡಬ್ಬಿಯಿಂದ ಒಂದು ತಾಮ್ರದ ಕಡಕನ್ನು ಹೇಗೋ ಬಿಡಿಸಿ ಹುಣಸೆಹುಳಿ ಹಾಕಿ ತಿಕ್ಕಿದರು. ನಾನು ಮಾತ್ರ ಅಳತೆಯ ಹಗ್ಗ ಹಿಡಿದು ಬಾಗಿಲಿಗೆ ಹೋದೆ. ಎರಡು ಅಡಿ. ಹುಡುಗಿಯಾಗಿದ್ದಾಗಿನಿಂದ ಗೊತ್ತಿದ್ದ ಅಳತೆ, ಆದರೂ ಮೂರು ಸಲ ಅಳೆದೆ. ಹದಿನಾರನೆಯ ವರ್ಷದಲ್ಲಿ ಅವಳ ಹೊಟ್ಟೆಯ ಎತ್ತರ ಒಂದು ಅಡಿ ಏಳು ಅಂಗುಲವೆಂದು ಈರಯ್ಯ ಮಾವ ದೂರದಿಂದಲೇ ಅಂದಾಜಿಸಿ ಬರೆದಿಟ್ಟಿದ್ದಾರೆ. ಆ ವರ್ಷ ಸಲೀಸಾಗಿ ದಾಟುತ್ತಿದ್ದಳು. ಆಗ ಒಳಗೆ ಇನ್ನೂ ನಾಲ್ಕು ಹೆಣ್ಣುಗಳಿದ್ದವು. ಆಗ ನನಗೆ ಮೂವತ್ತಮೂರು. ಮೇಲಿನಿಂದ ಎತ್ತೋಣವೆಂದರೆ ಗಾಜು ಒಡೆಯಬೇಕು, ಒಡೆದರೆ ತಂಪು ಹೋಗುತ್ತದೆ; ಮುನ್ನೂರು ಕೆ.ಜಿ.ಯ ಮೀನು ನೀರಿನಿಂದ ಹೊರಬಂದರೆ ತನ್ನ ಭಾರಕ್ಕೆ ತಾನೇ ಒಳಗೊಳಗೆ ಜಜ್ಜಿಹೋಗುತ್ತದೆ. ಜನ ಬಟ್ಟೆ ಗಂಟು ಬಿಚ್ಚಲಿಲ್ಲ, ಮೂಲೆಗೆ ಸರಿಸಿಟ್ಟರು.

ಆಗ ನಾನು ಇನ್ನೊಂದು ಕೇಳಿದೆ: ನಡುವಿನ ಬಲೆಯನ್ನಾದರೂ ತೆಗೆಯೋಣ. ಇದಕ್ಕೆ ಸಫೂರಾ ಎದುರಾಡಲಿಲ್ಲ. ಹುಣ್ಣಿಮೆಯ ಸಂಜೆ ಬಲೆ ಬಿಚ್ಚಿದೆವು. ದೊಡ್ಡಕ್ಕ ಗುಹೆಯಿಂದ ಪೂರ್ತಿ ಹೊರಬಂದದ್ದನ್ನು ನಾನು ವರ್ಷಗಳ ನಂತರ ನೋಡಿದೆ. ಮೈ ಕಪ್ಪು, ಮುಖ ಬಿಳುಪು, ಒಳಗಿನಿಂದ ಆ ಡೋಲು. ಗಾಜಿನ ಚಪ್ಪರವೂ ಅದಕ್ಕೆ ಸಣ್ಣಗೆ ನಡುಗಿತು. ಚಿಕ್ಕಿ ಹೊಟ್ಟೆ ತುಂಬಿಕೊಂಡು ಎಷ್ಟೋ ವರ್ಷದಿಂದ ಮೊಟ್ಟೆಗಳನ್ನು ತನ್ನೊಳಗೇ ಕರಗಿಸಿಕೊಳ್ಳುತ್ತಿದ್ದಳು. ಇಬ್ಬರೂ ಪಕ್ಕಕ್ಕೆ ಪಕ್ಕ ಸೇರಿಸಿ ಒಮ್ಮೆಲೇ ಮೇಲಕ್ಕೇರಿದರು, ನೀರು ಮಬ್ಬಾಯಿತು. ಮುರುವಿನ ಮೊಟ್ಟೆ ರಾಗಿಕಾಳಿಗಿಂತ ಚಿಕ್ಕದು, ಗಾಜಿನ ಹಾಗೆ ಪಾರದರ್ಶಕ, ತೇಲುತ್ತದೆ. ನಾವು ತಳದ ಪಂಪುಗಳನ್ನು ಹೊರಮುಖ ಮಾಡಿ ಆ ಮಬ್ಬು ನೀರನ್ನು ಕೆಳಗೆಳೆದು ಬಾಗಿಲಿನತ್ತ ನೂಕಿದೆವು. ಇಳಿತದ ಹೊತ್ತು. ಎರಡು ಬೆರಳಗಲದ ಕಣ್ಣುಗಳಿಂದ ಲಕ್ಷಗಟ್ಟಲೆ ಮೊಟ್ಟೆಗಳು, ಒಂದೂ ತಡೆಯಿಲ್ಲದೆ, ಹೊರಗಿನ ತಣ್ಣೀರಿಗೆ ಹೊರಟುಹೋದವು. ನಾನು ಜಾಲರಿಯನ್ನು ಹಿಡಿದುಕೊಂಡು ನಿಂತಿದ್ದೆ. ಬೆರಳುಗಳು ಮಾತ್ರ ಆಚೆಗಿದ್ದವು.

ನಿನ್ನೆ ಸಭೆ ಕೂಡಿತು. ಮುರು ಹೊರಟವು, ಇನ್ನು ನಾವೂ ಹೊರಡಬಹುದು ಎಂದು ನಾನು ಹೇಳಿದೆ. ಹಿರಿಯರೊಬ್ಬರು ಎದ್ದು, ಏನನ್ನು ಮುರು ಎನ್ನಬೇಕು, ಏನನ್ನು ಎನ್ನಬಾರದು ಎಂಬುದು ಫಲಕದಲ್ಲೇ ಇದೆಯಲ್ಲ ಎಂದರು. ಸಫೂರಾ ಫಲಕದ ಕೆಳಗೆ ಹೋಗಿ ನಿಂತು ಗಟ್ಟಿಯಾಗಿ ಓದಿದಳು. ಗುಂಡು ಬಾಲ. ಸಣ್ಣ ಕಣ್ಣು. ಹನ್ನೊಂದು ಮುಳ್ಳು. ಅಲ್ಲಿಗೇ ಓದು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಮೊಟ್ಟೆಗೆ ಬಾಲ ಎಲ್ಲುಂಟೆ ಮಾರಾಯ್ತಿ? ಮುಳ್ಳು ಎಲ್ಲುಂಟು? ನಾನು ಹೇಗೆ ಹೌದು ಅನ್ನೂದು?" ಎಂದು ನನ್ನನ್ನೇ ಕೇಳಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೂ ಮರಳು ತುಳಿಯಬೇಕು. ಆದರೆ ಆಣೆಯನ್ನು ತನಗೆ ಬೇಕಾದ ಹಾಗೆ ಓದಿದಳೆಂದು ನಾಳೆ ಯಾರೂ ಆಡಬಾರದು. ಆಡಿದರೆ ಆಣೆಗೆ ಬೆಲೆಯಿಲ್ಲದೆ ಪಂಪಿನ ಪಾಳಿ ಒಂದು ದಿನವೂ ನಡೆಯುವುದಿಲ್ಲ. ಮೊಟ್ಟೆ ಮುರುವಲ್ಲ ಎಂದು ತೀರ್ಮಾನವಾಯಿತು. ಇವತ್ತು ಎಲ್ಲರೂ ಗಂಟು ಬಿಚ್ಚಿ ಬಟ್ಟೆ ಗಳುವಿಗೆ ಹಾಕಿದ್ದಾರೆ. ನನ್ನ ಪಾಳಿ ಸಂಜೆಗೆ.

ಹಾಗಾಗಿ ಈ ಕಾಗದ. ಜಾಲರಿಯಿಂದ ಹೊರಬಿಟ್ಟ ಕಾಗದ ಇಳಿತದ ನೀರಿನಲ್ಲಿ ಹಿಂದಕ್ಕೆ, ಹಿರಿಯರ ಕಾಲಕ್ಕೆ ಹೋಗುತ್ತದೆ ಎಂದು ನಮ್ಮಲ್ಲಿ ಒಂದು ನಂಬಿಕೆ. ನಾನು ನಂಬುವವಳಲ್ಲ. ಆದರೆ ಹೆಣ್ಣು ಗಂಡಾಗುತ್ತದೆ ಎಂಬುದನ್ನೂ ನಾನು ನಂಬಿರಲಿಲ್ಲ. ನಿಮ್ಮ ಕೈಗೆ ಇದು ಸಿಕ್ಕಿ, ಅದರಂತೆ ನೀವು ಮಾಡಿದರೆ, ಬಹುಶಃ ನಾನು ಹುಟ್ಟುವುದೇ ಇಲ್ಲ, ಅಥವಾ ಎಲ್ಲೋ ಕರೆಯಲ್ಲಿ ಹುಟ್ಟಿ ಮರಳಿನಲ್ಲಿ ಆಡಿ ಬೆಳೆಯುತ್ತೇನೆ, ನಿಮಗೆ ಕಾಗದ ಬರೆಯುವ ಕೆಲಸವೇ ನನಗಿರುವುದಿಲ್ಲ. ಎರಡಕ್ಕೂ ನಾನು ಒಪ್ಪಿದ್ದೇನೆ.

ದೋಣಿ ಕರೆ ಮುಟ್ಟುವ ಮೊದಲು, ಅಮ್ಮಮ್ಮ, ನೋಟುಬುಕ್ಕು ಮತ್ತೊಮ್ಮೆ ತೆರೆಯಿರಿ. ಬಾಲ, ಕಣ್ಣು, ಮುಳ್ಳು, ಚುಕ್ಕೆ ಎಲ್ಲ ಇರಲಿ, ಒಂದನ್ನೂ ಹೊಡೆದುಹಾಕಬೇಡಿ. ಒಂದೂವರೆ ಅಡಿಯ ಪಕ್ಕದಲ್ಲಿ, ಇದಕ್ಕಿಂತ ದೊಡ್ಡವನ್ನು ನಾವು ತಿಂದಿದ್ದೇವೆ ಎಂದು ಸೇರಿಸಿ. ಹೆಣ್ಣು ಎಂದ ಕಡೆ, ನೋಡಿದ ದಿನ ಹೆಣ್ಣು ಎಂದು ಬರೆಯಿರಿ. ಆಮೇಲೆ ಪುಟದ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಡಿ. ಅವರು ಅದನ್ನೂ ಹಾಗೆಯೇ ಕಂಚಿನಲ್ಲಿ ಎರಕ ಹೊಯ್ಯುತ್ತಾರೆ. ನಾವು ನೋಡಿದ್ದನ್ನು ಬರೆಯಲಿಕ್ಕೆ ಅಷ್ಟು ಜಾಗ ಸಾಕು.

ನಿಮ್ಮ,
ನಾಗವೇಣಿ ಮೊಗೇರ
ಮುರುಕಾವಲು